ಹೆಸರು ಒಡೆಯುವ ನಮ್ಮ ಮೈದುನ

ನಮ್ಮ ಮೈದುನ ಹುಟ್ಟಿದಾಗಿನಿಂದ ಒಂದು ತೆಂಗಿನಕಾಯಿಯನ್ನೂ ಸರಿಯಾಗಿ ಒಡೆದವನಲ್ಲ. ಒಡೆಯಲು ಹೋದರೆ ನೀರೆಲ್ಲ ಅವನ ಧೋತರದ ಮೇಲೆ, ಚಿಪ್ಪು ಮಾತ್ರ ದೇವರ ಮುಂದೆ! ಆದರೆ ಅವನ ಕೈಗೆ ಮನುಷ್ಯರ ಹೆಸರು ಕೊಟ್ಟು ನೋಡಿ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮೂರು ಹೋಳು. ಹೆಸರು ಒಂದು ಖಾನೆಯಲ್ಲಿ, ಅಡ್ಡಹೆಸರು ಒಂದರಲ್ಲಿ, ಊರು ಇನ್ನೊಂದರಲ್ಲಿ. ಇದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ನಾನೂ ವರ್ಷಗಟ್ಟಲೆ ಅದನ್ನೇ ಕೇಳುತ್ತ ಬಂದಿದ್ದೇನೆ.

ನಾವಿರುವುದು ಚಿತ್ತಾಪುರದಲ್ಲಿ. ಅವನು ವಾಡಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ. ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುತ್ತಾನೆ. ಮದುವೆ ಬೇಡವೆಂದ, ಅಣ್ಣ ಅತ್ತಿಗೆ ಸಾಕೆಂದು ನಮ್ಮ ಜೊತೆಗೇ ಉಳಿದ. ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಎರಡು ಸಾವಿರದ ಇಸವಿ ದಾಟಿತು ನೋಡಿ, ಅವನ ಆಫೀಸಿಗೆ ಕಂಪ್ಯೂಟರ್ ಬಂದವು. ಉಳಿದವರೆಲ್ಲ ಅದರಲ್ಲಿ ಪತ್ರ ಬರೆಯುವುದನ್ನು ಕಲಿತು ಸುಮ್ಮನಾದರು. ಇವನು ಮಾತ್ರ ಮ್ಯಾಕ್ರೋ ಎಂಬುದೊಂದನ್ನು ಕಲಿತ. ಕಲಿತವನು ಅಷ್ಟಕ್ಕೇ ಬಿಟ್ಟನೇ? ಒಂದು ಹಳೆಯ ಕಂಪ್ಯೂಟರನ್ನು ಹೊತ್ತು ತಂದು ದೇವರ ಮನೆಯ ಪಕ್ಕದಲ್ಲೇ ಸ್ಥಾಪಿಸಿದ. ನಮ್ಮ ದೇವರಿಗೂ ಇಲ್ಲದ ಮಡಿ ಅದಕ್ಕೆ!

"ಮ್ಯಾಕ್ರೋ ಅಂದ್ರ ಏನಪಾ?" ಎಂದು ಒಂದು ಸಲ ಕೇಳಿದೆ. ಕೇಳಬಾರದಿತ್ತು.

"ನೋಡ್ರಿ ವೈನಿ, ನೀವು ಒಂದು ಮುಷ್ಟಿ ಜ್ವಾಳ ಆರಿಸಿ ತೋರಸ್ತೀರಿ ಅಂತ ತಿಳ್ಕೋರಿ. ಅದು ನೋಡಿ ನೆನಪಿಟ್ಕೊಂತದ. ಆಮ್ಯಾಲ ಚೀಲಗಟ್ಟಲೆ ಕೊಟ್ರೂ ತಾನೇ ಆರಸ್ತದ. ನೀವು ಕೈ ಹಚ್ಚೂದೇ ಬ್ಯಾಡ."

"ಹೌದೇನು? ಹಂಗಾರ ಪಡಸಾಲ್ಯಾಗ ಎರಡು ಚೀಲ ಕುಂತಾವ. ಜಲ್ದಿ ಹಚ್ಚು."

"ಜ್ವಾಳ ಅಲ್ರಿ ವೈನಿ, ಅಕ್ಷರ!"

ಅಕ್ಷರ ಆರಿಸಿ ರೊಟ್ಟಿ ಬಡಿಯಲಾದೀತೇ? ಎರಡು ಚೀಲವನ್ನೂ ನಾನೇ ಕುಳಿತು ಆರಿಸಿದೆ. ಅವನು ಒಳಗೆ ಕುಳಿತು ಆಫೀಸಿನ ಕೂಲಿಕಾರರ ಹೆಸರಿನ ಹಿಂದೆ ಮುಂದೆ ಇದ್ದ ಖಾಲಿ ಜಾಗ ಆರಿಸಿದ. ಖಾಲಿ ಜಾಗವನ್ನೂ ಕಸವೆಂದು ಗುಡಿಸುವ ಮನುಷ್ಯ, ತಾನು ಕುಳಿತ ಜಾಗವನ್ನು ಒಂದು ದಿನವಾದರೂ ಗುಡಿಸಿದ್ದನ್ನು ನಾನು ಕಂಡಿಲ್ಲ!

ಆಮೇಲೆ ಅವನ ಕಣ್ಣು ನನ್ನ ಕಿರಾಣಿ ಯಾದಿಯ ಮೇಲೆ ಬಿತ್ತು. ನಾನು ಬಾಯಲ್ಲಿ ಹೇಳಿದೆ: ಎರಡು ಕಿಲೋ ತೊಗರಿಬೇಳೆ, ಒಂದು ಕಿಲೋ ಕಡಲೆಬೇಳೆ, ಹೀಗೆ ಸಾಗಿ ಕೊನೆಗೆ ಒಂದು ತೊಲ ಇಂಗು. ಅವನು ಅದನ್ನೆಲ್ಲ ಒಡೆದು ಅಳತೆಯನ್ನು ಒಂದು ಖಾನೆಗೆ, ಸಾಮಾನನ್ನು ಇನ್ನೊಂದು ಖಾನೆಗೆ ಹಾಕಿ, ಚಂದದ ಕಾಗದ ಮಾಡಿ ಅಂಗಡಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಅಂಗಡಿಯ ಸಾಹುಕಾರನೇ ಕಾಗದ ಹಿಡಿದುಕೊಂಡು ಬಾಗಿಲಿಗೆ ಬಂದ.

"ಅಮ್ಮಾರ, ಎರಡು ಕಿಲೋ ಇಂಗು ಬರ್ದೀರಿ. ಪೂರಾ ತಾಲೂಕು ಹುಡುಕಿದ್ರೂ ಅಷ್ಟು ಇಂಗು ಸಿಗಂಗಿಲ್ರಿ. ತೊಗರಿಬ್ಯಾಳಿ ನೋಡಿದ್ರ ಒಂದು ತೊಲಿ ಅಂತೀರಿ. ಮನ್ಯಾಗ ಎಲ್ಲಾರೂ ಉಪಾಸ ಹಿಡದೀರೇನು?"

ಆಗಿದ್ದು ಇಷ್ಟು. ಸಾಮಾನುಗಳೆಲ್ಲ ಅಕಾರಾದಿಯಾಗಿ ನಿಲ್ಲಬೇಕೆಂದು ಇವನು ಅಪ್ಪಣೆ ಕೊಟ್ಟಿದ್ದ. ಅವು ಪಾಪ ಎದ್ದು ಜಾಗ ಬದಲಿಸಿದವು. ಅಳತೆಗಳಿಗೆ ಏಳಲು ಯಾರೂ ಹೇಳಲಿಲ್ಲ, ಅವು ಕುಳಿತಲ್ಲೇ ಕುಳಿತವು. ತೊಗರಿ ಬೆಳೆಯುವ ಸೀಮೆಯಲ್ಲಿ ಹುಟ್ಟಿ ಒಂದು ತೊಲ ಬೇಳೆ ಕೇಳಿದ ಮೊದಲ ಮನೆ ನಮ್ಮದೇ ಆಯಿತು.

ಇಷ್ಟಾದ ಮೇಲೂ ನಾನು ಅವನಿಗೆ ಮೊಮ್ಮಗಳ ಲಗ್ನದ ಯಾದಿ ಬರೆಸಿದೆನೆಂದರೆ, ಬುದ್ಧಿ ಇಲ್ಲದವರು ಯಾರು, ನೀವೇ ಹೇಳಿ!

ಒಂದು ಮಧ್ಯಾಹ್ನ ಪೂರ್ತಿ ಹೇಳಿದೆ. ನಮ್ಮವರು ಮೊದಲು, ಬೀಗರು ಆಮೇಲೆ. ಸೇಡಂ ರಾಘು, ವಾಡಿ ರಾಘು, ಶಹಾಬಾದ ರಾಘು, ಚಿಂಚೋಳಿ ರಾಘು. ನಮ್ಮಲ್ಲಿ ಹರಕೆ ಹೊತ್ತು ಹೆತ್ತ ಗಂಡುಮಕ್ಕಳೆಲ್ಲ ರಾಘವೇಂದ್ರರೇ. ಊರೂರಿಗೆ ಕುಲಕರ್ಣಿಕೆ ಇದ್ದದ್ದರಿಂದ ನಾವೂ ಕುಲಕರ್ಣಿ, ಬೀಗರೂ ಕುಲಕರ್ಣಿ. ಕರೆಯುವಾಗ ಊರು ಹಚ್ಚಿ ಕರೆದರೆ ಸರಿಯಾದವನು ತಿರುಗಿ ನೋಡುತ್ತಾನೆ. ಇಷ್ಟು ಕಾಲ ಯಾರಿಗೂ ತೊಂದರೆಯಾಗಿರಲಿಲ್ಲ.

ಮರುದಿನ ಮೈದುನ ಮುಖ ಅರಳಿಸಿಕೊಂಡು ಬಂದ. "ವೈನಿ, ನಿಮ್ಮ ಯಾದ್ಯಾಗ ಭಾಳ ಕಸ ಇತ್ರಿ. ಹೇಳಿದ್ದೇ ಹೆಸರು ಹೇಳೀರಿ. ಎಲ್ಲಾ ಸ್ವಚ್ಛ ಮಾಡೀನಿ."

ವಯಸ್ಸಾಯಿತು, ಒಬ್ಬರನ್ನೇ ಎರಡು ಸಲ ಹೇಳಿರಬೇಕು ಎಂದು ಸುಮ್ಮನಾದೆ. ಅವನು ಎಂಟು ದಿನ ರಜೆ ಹಾಕಿ, ಕುಂಕುಮ, ಅಕ್ಷತೆ, ಪತ್ರಿಕೆ ತೆಗೆದುಕೊಂಡು ಊರೂರು ತಿರುಗಿ ಬಂದ.

ಲಗ್ನಕ್ಕೆ ಹತ್ತು ದಿನ ಉಳಿದಾಗ ಚಿಂಚೋಳಿಯಿಂದ ಸೊಸೆಗೆ ಫೋನ್ ಬಂತು. ಚಿಂಚೋಳಿ ರಾಘು ಬೇರೆ ಯಾರೂ ಅಲ್ಲ, ನನ್ನ ಸೊಸೆಯ ತಮ್ಮ, ಮೊಮ್ಮಗಳ ಸೋದರಮಾವ. ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು.

"ಅಕ್ಕಾ, ನಿಮ್ಮ ಕಾಕಾ ನಮ್ಮ ಬಾಗಲ ಮುಂದಿಂದನೇ ಹಾದು ಬಾಜೂ ಮನಿಗಿ ಪತ್ರಿಕಿ ಕೊಟ್ಟು ಹೋದ್ರು. ನಮ್ಮ ಮನಿಗಿ ಅಕ್ಷತಿ ಇಲ್ಲ. ನಾ ಕರೀಲಾರ್ದ ಲಗ್ನಕ್ಕ ಹ್ಯಾಂಗ ಬರ್ಲಿ?" ಎಂದು ಫೋನ್ ಇಟ್ಟುಬಿಟ್ಟನಂತೆ. ಸೊಸೆ ಅಡುಗೆಮನೆಯಲ್ಲಿ ಅತ್ತಳು. ಮೊಮ್ಮಗಳು, "ಮಾಮಾ ಬರ್ಲಿಲ್ಲಂದ್ರ ನಾ ಮಂಟಪ ಏರಂಗಿಲ್ಲ" ಎಂದು ಮೂಲೆ ಹಿಡಿದಳು. ಅವಳ ಹಟ ನನಗೆ ಗೊತ್ತು. ಅದು ನನ್ನಿಂದಲೇ ಬಂದದ್ದು.

ಮೈದುನನನ್ನು ಹಿಡಿದು ಕೇಳಿದೆ. ಆಗ ಹೊರಬಿತ್ತು. ಅವನ ಮ್ಯಾಕ್ರೋ ಹೆಸರು, ಅಡ್ಡಹೆಸರು ಎರಡನ್ನೇ ನೋಡಿ, ಒಂದೇ ಇದ್ದವರನ್ನೆಲ್ಲ ಒಬ್ಬನೇ ಎಂದು ತಿಳಿದು ಅಳಿಸಿತ್ತು. ನಾಲ್ಕು ರಾಘುಗಳಲ್ಲಿ ಮೊದಲಿದ್ದ ಸೇಡಂ ರಾಘು ಉಳಿದ; ಮೂವರು ಕಸವಾಗಿ ಹೋದರು!

"ಅಲ್ಲೋ, ವಾಡಿ ರಾಘು ನಿನ್ನ ಆಫೀಸಿನ್ಯಾಗೇ ಎದುರಿನ ಮೇಜಿಗಿ ಕುಂದರ್ತಾನ. ದಿನಾ ಅವನ ಡಬ್ಬ್ಯಾಗಿನ ಉಪ್ಪಿನಕಾಯಿ ತಿಂತಿ. ಅವಗೂ ಕೊಡ್ಲಿಲ್ಲೇನು?"

"ಯಾದ್ಯಾಗ ಇರ್ಲಿಲ್ರಿ ವೈನಿ."

ಇದಕ್ಕೆ ಏನೆನ್ನಬೇಕು? ನಮ್ಮ ಯಜಮಾನರು ಮೊಣಕಾಲು ನೋವೆಂದು ಪೇಪರು ಓದುತ್ತ ಕುಳಿತರು. ನಾನೇ ಕುಂಕುಮದ ಬಟ್ಟಲು ತೆಗೆದುಕೊಂಡು, ಈ ಮಹಾರಾಯನನ್ನು ಮುಂದೆ ಹಾಕಿಕೊಂಡು ಹೊರಟೆ.

ವಾಡಿ ರಾಘು ಬಿದ್ದು ಬಿದ್ದು ನಕ್ಕ. ಶಹಾಬಾದದಲ್ಲಿ ರಾಘುವಿನ ಹೆಂಡತಿ ಕುಂಕುಮ ಹಚ್ಚಿಸಿಕೊಂಡು, "ನಾವು ಸತ್ತೇವೇನೋ ಅಂತ ತಿಳ್ಕೊಂಡಿರಬೇಕು ಅಂದ್ಕೊಂಡಿದ್ವಿ" ಎಂದು ನಗುನಗುತ್ತಲೇ ಚುಚ್ಚಿ, ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿ ಕೊಟ್ಟಳು. ಅದನ್ನೂ ಕುಡಿದೆ.

ಮರುದಿನ ಸೇಡಂ ಮೇಲೆ ಹಾದು ಚಿಂಚೋಳಿ ಮುಟ್ಟಿದೆವು. ರಾಘು ಪಡಸಾಲೆಯಲ್ಲಿ ಕುಳಿತಿದ್ದ. "ಬರ್ರಿ, ಕುಂದ್ರಿ" ಎಂದ, ಅಷ್ಟೇ. ನೀರು ಬಂತು, ಚಹಾ ಬರಲಿಲ್ಲ. ಮೈದುನ ಕಾಗದ ಬಿಚ್ಚಿ ಖಾನೆ, ಸಾಲು ಎಂದು ತನ್ನ ಪುರಾಣ ಶುರು ಮಾಡಿದ. ರಾಘು ಕೈ ಎತ್ತಿ ತಡೆದ.

"ಕಾಕಾ, ಮಷೀನಿಗಿ ನನ್ನ ಗುರ್ತಿಲ್ಲ, ಖರೆ. ನಿಮಗೂ ಇಲ್ಲೇನ್ರಿ?"

ಮೈದುನ ಕಾಗದ ಮಡಚಿದ. "ಬಾಗಲದಾಗ ನಿಂತಿದ್ದೆನಪಾ. ಒಳಗ ಬರಬೇಕು ಅನ್ನಿಸ್ತು. ಯಾದ್ಯಾಗ ಇಲ್ಲಲ್ಲ ಅಂತ ಮುಂದ ಹೋದೆ. ಹುಚ್ಚ ನಾನು."

"ಹುಚ್ಚ, ಅದ್ರಾಗ ಎರಡು ಮಾತಿಲ್ಲ," ಎಂದೆ ನಾನು. "ಆದ್ರ ಇವನ ಹುಚ್ಚಿಗಿ ಆ ಹುಡುಗಿಗ್ಯಾಕ ಶಿಕ್ಷಾ? ಬರ್ತಿಯೋ ಇಲ್ಲೋ ಹೇಳು ರಾಘು. ನಮ್ಮ ಬಸ್ಸಿಗಿ ಹೊತ್ತಾತು."

ರಾಘು ನನ್ನ ಮುಖ ನೋಡಿದ, ಮೈದುನನ ಮುಖ ನೋಡಿದ. "ಬರ್ತೀನ್ರಿ ಅತ್ತಿ. ಆದ್ರ ಆ ಯಾದಿ ಇನ್ನೊಮ್ಮೆ ನೀವೇ ಖುದ್ದು ಓದ್ರಿ. ನನ್ನಂಗ ಇನ್ಯಾರು ಹೋಗ್ಯಾರೋ!"

ಅವನು ಬಂದ. ಎರಡು ದಿನ ಮೊದಲೇ ಬಂದು, ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ನೀವು ಸುಮ್ಮನೆ ಚಿಂತೆ ಮಾಡುವುದು ಬೇಡ.

ಮಾತು ಕೊಟ್ಟ ಮೇಲೆ ಓದಬೇಕಲ್ಲ? ಚಿಂಚೋಳಿಯಿಂದ ಬಂದ ಮರುದಿನ, ಊಟವಾದ ಮೇಲೆ, ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತೆ. ಅವನು ಅಳಿಸಿದ್ದನ್ನೆಲ್ಲ ಮತ್ತೆ ತಂದು, ಊರಿನ ಜೊತೆ ಹೊಸದೊಂದು ಖಾನೆ ಹಾಕಿದ್ದ. ತಾಯಿಯ ಹೆಸರು.

"ತಂದಿ ಹೆಸರು ಸಾಲಂಗಿಲ್ರಿ ವೈನಿ. ನಮ್ಮಾಗ ಅವ್ರೂ ಎಲ್ಲಾ ವೆಂಕಟರಾಯರೇ. ತಾಯಿ ಬ್ಯಾರೆ ಇದ್ರ ಮನಷ್ಯಾ ಬ್ಯಾರೆ. ಈಗ ಮ್ಯಾಕ್ರೋ ಅದನ್ನೂ ನೋಡ್ತದ. ತಪ್ಪಿದ್ರ ಹೇಳ್ರಿ."

ಆ ಮನುಷ್ಯ ಜನ್ಮದಲ್ಲಿ ಆಡಿದ ಮೊದಲ ಬುದ್ಧಿಯ ಮಾತು! ನಾನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ. ಏಳು ತಪ್ಪು ಸಿಕ್ಕವು. ಶಹಾಬಾದ ರಾಘುವಿನ ತಾಯಿಯ ಜಾಗದಲ್ಲಿ ಅವನ ಅತ್ತೆಯ ಹೆಸರಿತ್ತು. ಸೇಡಂ ರಾಘುವಿಗೆ ಅವನ ದೊಡ್ಡಮ್ಮನೇ ತಾಯಿಯಾಗಿದ್ದಳು. ಒಂದೊಂದಕ್ಕೂ ಬೈದೆ, ಒಂದೊಂದನ್ನೂ ತಿದ್ದಿದ.

ಊಟದ ಎಲೆ ಎಣಿಸಲು ಮನೆಯವರೂ ಯಾದಿಯಲ್ಲಿ ಇರಬೇಕಂತೆ. ಹಾಗಾಗಿ ಕೊನೆಗೆ ನಮ್ಮ ಮನೆ ಬಂತು. ಮೊದಲ ಸಾಲು ನಮ್ಮ ಯಜಮಾನರದು. ತಾಯಿಯ ಖಾನೆಯಲ್ಲಿ ನಮ್ಮ ಅತ್ತೆಯವರ ಹೆಸರು, ಸರಿಯಾಗಿಯೇ ಇತ್ತು. ಅದರ ಕೆಳಗೆ ಅವನ ಸಾಲು. ಒಂದೇ ಹೊಟ್ಟೆಯ ಅಣ್ಣ ತಮ್ಮ. ಅದೇ ಹೆಸರು ಇರಬೇಕಿತ್ತು. ಅಲ್ಲಿ ನನ್ನ ಹೆಸರು ಇತ್ತು.

ಅತ್ತೆಯವರು ಅವನನ್ನು ಹೆತ್ತ ಹತ್ತನೆಯ ದಿನವೇ ಹೋದರಂತೆ. ನಾನು ಅವರ ಮುಖ ಕಂಡಿಲ್ಲ. ಈ ಮನೆಯ ಹೊಸ್ತಿಲು ತುಳಿದಾಗ ನನಗೆ ಹದಿನೈದು. ಅವನಿಗೆ ಇನ್ನೂ ಎರಡು ತುಂಬಿರಲಿಲ್ಲ.

"ಸರಿ ಅದನ್ರಿ ವೈನಿ?" ಎಂದ. ಕಣ್ಣು ಮಾತ್ರ ಪರದೆಯ ಮೇಲೆಯೇ ಇತ್ತು.

ಏಳು ತಪ್ಪು ಹಿಡಿದವಳು ನಾನು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ.

"ಸರಿ ಅದ," ಎಂದೆ. "ಮುಂದಿನ ಸಾಲು ತಗಿ."