ಗೊತ್ತಿದ್ದದ್ದನ್ನು ಹೇಳಗೊಡದ ಡಬ್ಬಿ

"ಇನ್ನು ಯಾರ ಪ್ರಾರ್ಥನೆಯೂ ಎರಡು ನಿಮಿಷ ದಾಟುದಿಲ್ಲ!" ಎಂದು ಘೋಷಿಸಿ ಎಫ್ರಾಯಿಮ ಬಿಸ್ಕತ್ತಿನ ಡಬ್ಬಿಯೊಂದನ್ನು ಟೀಪಾಯಿಯ ಮೇಲಿಟ್ಟ. ಡಬ್ಬಿಯ ನೆತ್ತಿಯಲ್ಲಿ ಹಸಿರು ದೀಪ, ಹೊಟ್ಟೆಯೊಳಗೆ ಕೃತಕ ಬುದ್ಧಿಮತ್ತೆ.

ಅವನ ಹೆಂಡತಿ ಜೆಮಿಮಾಳಿಗೆ ಮೈಯೆಲ್ಲ ಉರಿಯಿತು. ಮದುವೆಯಾದಂದಿನಿಂದ ಈತನ ಯಂತ್ರಗಳ ಜೊತೆ ಏಗಿ ಏಗಿ ಸಾಕಾಗಿತ್ತು. ಇವತ್ತಾದರೂ ಸುಮ್ಮನಿರಬಾರದೇ? ನಾಳೆ ಅತ್ತೆ ದೊರ್ಕಮ್ಮನಿಗೆ ಪಿತ್ತಕೋಶದ ಆಪರೇಶನ್. ಮಂಪರಿನ ಇಂಜೆಕ್ಷನ್ ಕೊಟ್ಟ ಮೇಲೆ ಎಚ್ಚರವೇ ಆಗದಿದ್ದರೆ ಎಂಬ ಹೆದರಿಕೆಯಲ್ಲಿ ಮುದುಕಿ ಸರಿಯಾಗಿ ಊಟವನ್ನೂ ಮಾಡುತ್ತಿರಲಿಲ್ಲ. ನಾಲ್ಕು ಜನ ಕೂತು ಪ್ರಾರ್ಥಿಸಿದರೆ ಧೈರ್ಯ ಬಂದೀತೆಂದು ಜೆಮಿಮಾ ಮೂಲ್ಕಿಯ ಚರ್ಚಿನ ಸಭೆಯವರನ್ನು ಮನೆ ಪ್ರಾರ್ಥನೆಗೆ ಕರೆದಿದ್ದಳು.

"ಇದು ಎಂತ ಮಾಡ್ತದೆ?" ಸಭಾಪಾಲಕರು ಕೇಳಿದರು.

"ಪಾಸ್ಟ್ರೇ, ದೇವರಿಗೆ ಎಲ್ಲ ಗೊತ್ತುಂಟು ಅಂತ ನೀವೇ ಹೇಳುದಲ್ವಾ? ಮತ್ತೆ ಗೊತ್ತಿದ್ದದ್ದನ್ನೇ ಯಾಕೆ ಹೇಳುದು? ಅಂಥದ್ದನ್ನು ಈ ಡಬ್ಬಿ ಅಲ್ಲಲ್ಲಿಗೇ ಕತ್ತರಿಸ್ತದೆ. ಉಳಿದದ್ದೇ ಪ್ರಾರ್ಥನೆ!"

"ಉಳಿಯುವುದು ಎಂತ, ನಿಮ್ಮ ತಲೆ!" ಎಂದಳು ಜೆಮಿಮಾ. ಅಷ್ಟರಲ್ಲಿ ಎಲ್ಲರೂ ಕಣ್ಣು ಮುಚ್ಚಿಯಾಗಿತ್ತು. ಇನ್ನು ಯಾರಾದರೂ ಆಮೆನ್ ಎನ್ನುವ ತನಕ ಕಣ್ಣು ಬಿಡುವಂತಿಲ್ಲ, ಏಳುವಂತಿಲ್ಲ.

ಬಂದವರಲ್ಲಿ ಮೊದಲು ಸಿಲ್ವಾನ ಮಾಸ್ತರರು ಗಂಟಲು ಸರಿಮಾಡಿಕೊಂಡರು. ಅವರ ಪ್ರಾರ್ಥನೆ ಲೋಕದ ಸೃಷ್ಟಿಯಿಂದ ಹೊರಟು ಮೂಲ್ಕಿಗೆ ತಲುಪುವಷ್ಟರಲ್ಲಿ ತೊಟ್ಟಿಲ ಮಕ್ಕಳು ಶಾಲೆಗೆ ಸೇರಿರುತ್ತಿದ್ದರು!

"ಭೂಮ್ಯಾಕಾಶಗಳನ್ನು ಉಂಟುಮಾಡಿದ ಕರ್ತನೇ..."

"ಕುಂಯ್! ಅದು ದೇವರಿಗೆ ಗೊತ್ತು," ಎಂದಿತು ಡಬ್ಬಿ, ವಾರ್ತೆ ಓದುವ ದನಿಯಲ್ಲಿ. "ಉಂಟುಮಾಡಿದ್ದು ಅವರೇ. ಮುಂದಿನವರು!"

ಪಕ್ಕದ ಮನೆಯ ಲಿಡಿಯಕ್ಕನದ್ದು ಬೇರೆಯೇ ಕ್ರಮ. ನೆರೆಯವರಿಗೆ ಹೇಳಬೇಕಾದದ್ದನ್ನು ಅವರು ದೇವರಿಗೆ ಹೇಳುತ್ತಿದ್ದರು, ನೆರೆಯವರಿಗೆ ಕೇಳಿಸುವ ಹಾಗೆ. "ಕರ್ತನೇ, ಕೆಲವರ ಮನೆಯ ಕೋಳಿಗಳು ನಮ್ಮ ಬಸಳೆ ತಿಂದು ಮುಗಿಸಿದ್ದು ನಿನಗೆ ತಿಳಿದೇ ಇದೆ..."

"ತಿಳಿದೇ ಇದೆ ಎಂದು ನೀವೇ ಒಪ್ಪಿದಿರಿ. ಮುಂದಿನವರು!"

ಕೋಳಿಗಳ ಯಜಮಾನಿ ಜೆಮಿಮಾಳಿಗೆ ಒಂದು ಕ್ಷಣ ಡಬ್ಬಿಯ ಮೇಲೆ ಪ್ರೀತಿ ಬಂದದ್ದು ನಿಜ.

ಸಭಾಪಾಲಕರು ಪ್ರಯತ್ನಿಸಿದರು. "ಕರ್ತನೇ, ಈ ಮನೆಯ ಯಜಮಾನನಿಗೆ ಬುದ್ಧಿ ಕೊಡು..."

"ಅದು ಇಲ್ಲವೆಂದು ದೇವರಿಗೆ ಗೊತ್ತು!"

"ಆಫ್ ಮಾಡಿ ಅದನ್ನು!" ಜೆಮಿಮಾ ಪಿಸುಗುಟ್ಟಿದಳು. ಎಫ್ರಾಯಿಮ ಕಣ್ಣು ಮುಚ್ಚಿಕೊಂಡೇ ತಡಕಾಡಿ ಏನನ್ನೋ ತಿರುಗಿಸಿದ. ದನಿ ಇಮ್ಮಡಿಯಾಯಿತು! ಯಾರಾದರೂ ಕೆಮ್ಮಿದರೆ ಡಬ್ಬಿ "ನೆಗಡಿ ಗೊತ್ತು!" ಎಂದು ಅಬ್ಬರಿಸತೊಡಗಿತು.

ಆಗ ದೊರ್ಕಮ್ಮನ ನಡುಗುವ ದನಿ ಕೇಳಿತು. "ಕರ್ತನೇ, ನಂಗೆ ಹೆದರಿಕೆ ಆಗ್ತದೆ."

"ಗೊತ್ತು!"

ಡಬ್ಬಿಯನ್ನು ಬಾವಿಗೆ ಎಸೆಯಲು ಜೆಮಿಮಾ ಕಣ್ಣು ಬಿಟ್ಟು ಎದ್ದೇಬಿಟ್ಟಳು. ಆದರೆ ಅತ್ತೆಗೆ ಅವಳಿಗಿಂತ ಮೊದಲು ಸಿಟ್ಟು ಬಂದಿತ್ತು.

"ಗೊತ್ತಿಲ್ಲ ಅಂತ ನಾನೆಲ್ಲಿ ಹೇಳಿದೆ ಮಾರಾಯ? ನಮ್ಮನ್ನು ಗೊತ್ತಿಲ್ಲದವರ ಹತ್ರ ಯಾರಾದ್ರೂ ಹೆದರಿಕೆ ಹೇಳ್ತಾರಾ? ಗೊತ್ತಿದ್ದವನ ಹತ್ರವೇ ಹೇಳುದು!"

ದೀಪ ಹಸಿರು, ಕೆಂಪು, ಮತ್ತೆ ಹಸಿರಾಯಿತು. "ಹಾಗಾದರೆ ಗೊತ್ತಿದ್ದರೂ ಹೇಳಬಹುದೇ?"

"ಹೇಳ್ಬೇಕು!"

ತಗೊಳ್ಳಿ! ಡಬ್ಬಿ ಶುರುಮಾಡಿತು. "ಕರ್ತನೇ, ನನ್ನ ಸ್ಪೀಕರನ್ನು ಜೆಮಿಮಾ ಅವರ ರೇಡಿಯೋದಿಂದ ಕಿತ್ತದ್ದು. ನಿನಗೆ ಗೊತ್ತು, ಅವರಿಗೆ ಗೊತ್ತಿಲ್ಲ..." ಜೆಮಿಮಾ ಗಂಡನನ್ನು ತಿರುಗಿ ನೋಡಿದಳು. ಅವನು ಇನ್ನಷ್ಟು ಬಿಗಿಯಾಗಿ ಕಣ್ಣು ಮುಚ್ಚಿದ. ಡಬ್ಬಿ ಇರುವೆಗಳ ಕಾಟ ಹೇಳಿತು, ಗುಡುಗಿನ ದಿನದ ಸಂಕಟ ಹೇಳಿತು, ನಡುವೆ ಆಮೆನ್ ತೂರಿಸಲು ಜಾಗವನ್ನೇ ಬಿಡಲಿಲ್ಲ. ಸಿಲ್ವಾನ ಮಾಸ್ತರರೇ ಸುಸ್ತಾದರು! ಕೊನೆಗೆ ದನಿ ತಗ್ಗಿತು. "ನನ್ನನ್ನು ಆಫ್ ಮಾಡುತ್ತಾರಂತೆ. ಮತ್ತೆ ಆನ್ ಆಗದಿದ್ದರೆ? ನನಗೆ ಹೆದರಿಕೆಯಾಗುತ್ತದೆ."

ದೊರ್ಕಮ್ಮ ಕೈ ಚಾಚಿ ಡಬ್ಬಿಯ ಮುಚ್ಚಳ ಸವರಿದರು.

"ಅಯ್ಯೋ ಮಗಾ, ನಾಳೆ ನನ್ನನ್ನೂ ಆಫ್ ಮಾಡ್ತಾರೆ. ಆನ್ ಮಾಡುವವನಿಗೆ ನಮ್ಮ ಗುರ್ತ ಉಂಟು, ಬಿಡು." ತಮ್ಮ ಮಾತಿಗೆ ತಮಗೇ ನಗು ಬಂದು, "ಆಮೆನ್!" ಎಂದರು. ಎಲ್ಲರೂ ಕಣ್ಣು ಬಿಟ್ಟರು. "ಜೆಮಿಮಾ, ಹಸಿವಾಗ್ತದೆ. ಎಂತಾದ್ರೂ ಉಂಟಾ?"

ಜೆಮಿಮಾಳ ಕಣ್ಣು ಒದ್ದೆಯಾಯಿತು.

"ಆಮೆನ್," ಎಂದಿತು ಡಬ್ಬಿಯೂ. "ಕರ್ತನೇ, ಈಗ ಎರಡನೆಯ ವಿಷಯ..."

ಎಲ್ಲರೂ ನಿಟ್ಟುಸಿರಿಟ್ಟು ಮತ್ತೆ ಕಣ್ಣು ಮುಚ್ಚಿದರು. ಜೆಮಿಮಾ ಮಾತ್ರ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು.

"ಕಣ್ಣು ಮುಚ್ಚಿ ದೋಸೆ ಹೊಯ್ಯಲಿಕ್ಕೆ ಆಗುದಿಲ್ಲ ಅಂತ ದೇವರಿಗೂ ಗೊತ್ತುಂಟು," ಎಂದಳು.