ಈದ್ ಮುಗಿದ ಮೇಲಿನ ರೋಜಾ

ನಮ್ಮ ಮಾಮುವಿನಂಥ ಅವೇಳೆಯ ಭಕ್ತರು ಇಡೀ ಯಲ್ಲಾಪುರದಲ್ಲಿ ಇನ್ನೊಬ್ಬರಿರಲಿಲ್ಲ! ರಮಜಾನಿನಲ್ಲಿ ಊರೆಲ್ಲ ರೋಜಾ ಹಿಡಿದು ಉಪವಾಸವಿರುವಾಗ ಈ ಮಹಾಶಯರು ಇಡಗುಂದಿಯ ಚಹಾದಂಗಡಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ಊರೆಲ್ಲ ಈದ್ ಮುಗಿಸಿ ಉಣ್ಣತೊಡಗಿದಾಗ ಇವರು ಬಾಯಿ ಕಟ್ಟಿ ಕೂರುತ್ತಿದ್ದರು.

ತಪ್ಪು ಅವರದಲ್ಲ ಬಿಡಿ. ಆಗಿನ್ನೂ ನಮ್ಮ ಕಡೆ ಮೋಟಾರು ಹೊಸದು. ಮಾಮು ಕಾರವಾರಕ್ಕೆ, ಹುಬ್ಬಳ್ಳಿಗೆ ಲಾರಿ ಓಡಿಸುತ್ತಿದ್ದರು. ದೂರದ ಪ್ರಯಾಣದಲ್ಲಿದ್ದವರಿಗೆ ರೋಜಾ ತಪ್ಪಿದರೂ ನಡೆಯುತ್ತದೆ, ಆಮೇಲೆ ಅಷ್ಟೇ ದಿನ ಹಿಡಿದು ತೀರಿಸಬೇಕು. ಅದಕ್ಕೆ ಕಜಾ ಎನ್ನುತ್ತೇವೆ. ಆದರೆ ಊಟದ ಕರೆ ಇದ್ದ ದಿನವೇ ಹಿಡಿಯಬೇಕೇ?

ನನ್ನ ಮದುವೆಯಲ್ಲಿ ಬಿರಿಯಾನಿಯ ಹಂಡೆ ಇಳಿಸಿದ್ದೇ ತಡ, ಅಮ್ಮಿ ತಮ್ಮ ಅಣ್ಣನಿಗೆ ಮೊದಲ ತಟ್ಟೆ ತಂದರು. ಮಾಮು ಬೇಡವೆಂದು ಕೈಯಾಡಿಸಿದರು.

"ಇವತ್ತೂ ರೋಜಾನಾ ಭಾಯಿ? ನಾಳೆ ಹಿಡಿದಿದ್ರೆ ಆಗ್ತಿರ್ಲಿಲ್ವಾ?"

"ನಾಳೆ ಗಾಡಿ ಕಾರವಾರಕ್ಕೆ ಹೋಗ್ಬೇಕಲ್ಲೇ! ನಾನು ಊರಲ್ಲಿರೋದು ಇವತ್ತೊಂದೇ ದಿನ."

ಅಂದು ಸೊಂಟಕ್ಕೆ ಟವೆಲು ಬಿಗಿದು, ಇನ್ನಷ್ಟು ಹಾಕಿಸಿಕೊಳ್ಳಿ ಎಂದು ಎಲ್ಲರನ್ನೂ ಪೀಡಿಸುತ್ತ ಬಡಿಸಿದವರು ಅವರೇ!

ಉಮ್ಮಚಗಿಯ ಹೆಗಡೇರು ಒಮ್ಮೆ ಬಾಳೆಹಣ್ಣಿನ ರಸಾಯನ ಮುಂದಿಟ್ಟು ಸೋತರು. "ನಿಮ್ಮ ಉಪವಾಸ ಮುಗಿದು ಎರಡು ತಿಂಗಳಾಯ್ತಲ್ಲೋ ಮಾರಾಯ! ಇದೆಂತ ಹೊಸದು?"

"ಹಳೇದೇ ಹೆಗಡೇರೇ. ನಾನು ತಡ!"

ಮದುವೆಯ ಮರುವರ್ಷದ ರಮಜಾನಿನಲ್ಲಿ ನಾನು ಬಾಣಂತಿ. ತಿಂಗಳ ಮೂವತ್ತೂ ರೋಜಾ ತಪ್ಪಿದವು. ತವರಿನಲ್ಲಿದ್ದಾಗಲೇ ಮೊದಲ ಕಜಾ ಹಿಡಿದೆ. ಮನೆಯವರೆಲ್ಲ ಉಂಡು ತೇಗುವಾಗ ಒಬ್ಬಳೇ ಹಸಿದು ಕೂತೆ ನೋಡಿ, ಮಾಮುವನ್ನು ಅಷ್ಟು ದಿನ ಗೇಲಿ ಮಾಡಿದ್ದಕ್ಕೆ ನಾಚಿಕೆಯಾಯಿತು. ಸಂಜೆ ಪಕ್ಕದಲ್ಲೇ ಇದ್ದ ಅವರ ಮನೆಗೆ ಹೋದೆ. ಮಾಮಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಾಮು ಖರ್ಜೂರ, ನೀರು ಇಟ್ಟುಕೊಂಡು ರೋಜಾ ಬಿಡಲು ಮಸೀದಿಯ ಅಜಾನಿಗೆ ಕಾಯುತ್ತಿದ್ದರು.

"ರಮಜಾನಿನಲ್ಲಾದರೂ ಗಾಡಿಗೆ ರಜ ಹಾಕಬಾರದಾ ಮಾಮು?"

"ಉಳಿದ ಡ್ರೈವರುಗಳಿಗೆ ಸಂಜೆ ಹೆಂಡ್ತಿ ಮಕ್ಳು ಕಾಯ್ತಾರೆ ಬೇಟಿ. ಅವರು ಮನೇಲಿರ್ಲಿ. ನನಗ್ಯಾರು ಕಾಯ್ತಾರೆ?"

ನನಗೂ ಇವತ್ತು ಕಜಾ ಎಂದು ಅವರೆದುರು ಕೂತೆ. ಅಜಾನ್ ಕೇಳಿಸಿತು. ಮಾಮು ಖರ್ಜೂರ ಮುಟ್ಟಲಿಲ್ಲ, ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಈ ಮನೇಲಿ ಇಬ್ಬರು ಕೂತು ರೋಜಾ ಬಿಟ್ಟು ಬಹಳ ದಿನ ಆಯ್ತು."

"ನನಗಿನ್ನೂ ಇಪ್ಪತ್ತೊಂಬತ್ತು ಉಳಿದಿವೆ ಮಾಮು," ಎಂದೆ.

ಮಾಮು ಮುಖ ಆ ಕಡೆ ತಿರುಗಿಸಿ ಬಹಳ ಹೊತ್ತು ನೀರು ಕುಡಿದರು.