ನಲವತ್ಮೂರರ ಕುಲಾವಿ

ದೇವರು ಮನುಷ್ಯನ ಅಂಗಾಂಗಗಳನ್ನು ಜೋಡಿಸುವಾಗ ಕಿವಿಯ ವಿಷಯದಲ್ಲಿ ಸ್ವಲ್ಪ ಕರುಣೆ ತೋರಿಸಿದ್ದಾನೆ. ಮೂಗು ಕೆಟ್ಟದಾಗಿದ್ದರೆ ಒಂದು ಕಣ್ಣು ಮುಚ್ಚಿದರೂ ಅದರ ತುದಿ ಕಾಣುತ್ತದೆ. ಹೊಟ್ಟೆಯಂತೂ ನಾವು ಹೋಗುವ ಕಡೆಗೆಲ್ಲ ನಮಗಿಂತ ಮೊದಲೇ ಹೋಗಿರುತ್ತದೆ. ಕಿವಿಯನ್ನು ಮಾತ್ರ ಅದರ ಯಜಮಾನ ಕನ್ನಡಿಯ ಮುಂದೆ ನಿಲ್ಲದೆ ನೋಡಲಾರ. ಈ ಅನುಕೂಲದಿಂದ ನಾನು ನೆಮ್ಮದಿಯಾಗಿ ಬದುಕಬಹುದಿತ್ತು. ಆದರೆ ನನಗೆ ಕಾಣದ್ದನ್ನು ಉಳಿದವರೆಲ್ಲ ನೋಡಿ, ತಪ್ಪದೆ ವರದಿ ಒಪ್ಪಿಸುತ್ತಿದ್ದರು. ಮೈಸೂರಿನ ಶಾಲೆಯಲ್ಲಿ ನನ್ನ ಹೆಸರು ಬಾಂಡ್ಲೆ, ಅಂದರೆ ಎರಡು ಕಡೆ ಹಿಡಿ ಇರುವ ಪಾತ್ರೆ. ಹಾಜರಿ ಪುಸ್ತಕದಲ್ಲಿ ಶ್ರೀಕಂಠ ಎಂದಿದ್ದರೂ ಮೇಷ್ಟ್ರೇ ಒಮ್ಮೆ ಬಾಯಿತಪ್ಪಿ ಬಾಂಡ್ಲೆ, ಬೋರ್ಡು ಒರೆಸು ಅಂದುಬಿಟ್ಟಿದ್ದರು. ಈ ಹೆಸರಿನ ಸುದ್ದಿಯನ್ನು ಮನೆಯಲ್ಲಿ ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಕಿವಿಗಳು ನನ್ನ ಸ್ವಯಾರ್ಜಿತವಲ್ಲ, ಪಿತ್ರಾರ್ಜಿತ. ಸಿಂಗಪುರದ ಸೆಂಗ್‌ಕಾಂಗ್‌ನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ತೀರಿಕೊಂಡ ಅಪ್ಪನ ಫೋಟೋ ಇದೆ. ಅದಕ್ಕೆ ಹಾಕಿದ ಗಂಧದ ಹಾರ ಎಷ್ಟು ಸರಿಪಡಿಸಿದರೂ ಅವರ ಕಿವಿಗಳನ್ನು ಮುಚ್ಚುವುದಿಲ್ಲ. ಅಪ್ಪ ಆ ಕಿವಿಗಳನ್ನು ಠೀವಿಯಿಂದ ಹೊತ್ತು ತಿರುಗಿದವರು. ನನಗೆ ಕಿವಿ ಬಂತು, ಠೀವಿ ಬರಲಿಲ್ಲ. ಕಾಲೇಜಿಗೆ ಸೇರಿದ ಕೂಡಲೇ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟೆ. ಸಿಂಗಪುರಕ್ಕೆ ಬಂದ ಮೇಲೆ ಕೂದಲೇ ನನ್ನನ್ನು ಬಿಟ್ಟಿತು. ಇದಕ್ಕೆಲ್ಲ ಇಲ್ಲಿನ ನೀರೇ ಕಾರಣ ಎಂದು ಇಲ್ಲಿನ ಕನ್ನಡಿಗರೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ, ನಾನೂ ಹಾಗೇ ನಂಬಿಕೊಂಡಿದ್ದೇನೆ.

ಆಗ ಡಿಜಿಟಲ್ ಕ್ಯಾಮೆರಾ ಹೊಸದಾಗಿ ಎಲ್ಲರ ಕೈಗೂ ಬಂದಿದ್ದ ಕಾಲ. ಪಾಯಾ ಲೆಬಾರ್‌ನ ನಮ್ಮ ಆಫೀಸಿಗೆ ಕೆಲಸದ ಮೇಲೆ ಕೆಲಸ ಬರುತ್ತಿದ್ದ ವರ್ಷ ಅದು. ಆ ಖುಷಿಗೆ ದೊಡ್ಡ ಹೋಟೆಲಿನಲ್ಲಿ ಡಿನ್ನರ್ ಇಟ್ಟಿದ್ದರು. ನಾನು ವೇದಿಕೆ ಹತ್ತಿ ಎರಡು ಮಾತಾಡಿದೆ. ಊಟ ಮುಗಿಯುವಷ್ಟರಲ್ಲಿ ಯಾರೋ ಫೋಟೋಗಳನ್ನು ಗೋಡೆಯಗಲದ ಪರದೆಯ ಮೇಲೆ ತೋರಿಸಲು ಶುರು ಮಾಡಿದರು. ನನ್ನ ಸರದಿ ಬಂದಾಗ ನೋಡುತ್ತೇನೆ, ಹಿಂದಿನಿಂದ ಬೀಳುತ್ತಿದ್ದ ಲೈಟು ನನ್ನ ಕಿವಿಗಳೊಳಗೆ ಹಾಯ್ದು ಎರಡೂ ಕೆಂಪಗೆ ಬೆಳಗುತ್ತಿವೆ. ಯಾರೂ ನಗಲಿಲ್ಲ. ಆದರೂ ನನಗೆ ಹಿಂದಿನ ಬೆಂಚಿನಿಂದ ಯಾರೋ ಬಾಂಡ್ಲೆ ಎಂದು ಕೂಗಿದಂತಾಯಿತು.

ಆ ವಾರವೇ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಹತ್ತಿರ ಅಪಾಯಿಂಟ್‌ಮೆಂಟ್ ಬುಕ್ ಮಾಡಿದೆ. ಶಾಲೆಯ ಹೆಸರಿನ ಸಮೇತ ಎಲ್ಲ ಹೇಳಿದಾಗ ಹೆಂಡತಿ ಗೀತಾ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗದೆ, ಅಷ್ಟು ಬೇಜಾರಿದ್ದರೆ ಮಾಡಿಸಿಕೊಳ್ಳಿ, ಆದರೆ ಅತ್ತೆಗೆ ಹೇಳಿ ಮಾಡಿಸಿಕೊಳ್ಳಿ ಅಂದಳು. ಮೊದಲನೆಯದನ್ನು ಕೇಳಿದೆ, ಎರಡನೆಯದನ್ನು ಕೇಳಲಿಲ್ಲ. ಅಮ್ಮನಿಗೆ ಹೇಗೆ ಹೇಳುವುದು? ಅಪ್ಪ ಹೋದ ಮೇಲೆ ಅವಳು ನನ್ನನ್ನು ನೋಡಿದಾಗಲೆಲ್ಲ ಆ ಕಿವಿಗಳಲ್ಲಿ ಅವರನ್ನೇ ಕಾಣುತ್ತಾಳೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಗಂಡನ ಉಳಿದ ಗುರುತನ್ನು ಮಗನೇ ಕತ್ತರಿಸಿದ ಎಂದು ಅವಳಿಗೆ ಅನ್ನಿಸಿಬಿಟ್ಟರೆ ಎಂಬುದೇ ನನ್ನ ಭಯ. ಕತ್ತರಿಯ ಭಯ ಅದರ ಮುಂದೆ ಏನೂ ಅಲ್ಲ.

ಕಿವಿಯ ಹಿಂದೆ ಕುಯ್ದು, ಒಳಗಿನ ಮೆತ್ತನೆಯ ಎಲುಬನ್ನು ಮಡಿಸಿ, ಹೊಲಿದು ತಲೆಗೆ ಒರಗಿಸುವುದು ಆಪರೇಷನ್ನಿನ ಸಾರಾಂಶ. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಾಗಲಿಲ್ಲ, ಆದರೆ ಸದ್ದೆಲ್ಲ ಕೇಳುತ್ತಿತ್ತು. ತನ್ನ ಆಪರೇಷನ್ನನ್ನು ತಾನೇ ಕೂತು ಕೇಳಿಸಿಕೊಳ್ಳುವ ಯೋಗ ಬೇರೆ ಯಾವ ಅಂಗಕ್ಕೂ ಇಲ್ಲ. ಆಮೇಲೆ ಒಂದು ವಾರ ತಲೆ ತುಂಬ ಬ್ಯಾಂಡೇಜು. ಎಂಟು ವರ್ಷದ ಮಗಳು ಅನು ‘ಅಪ್ಪ ಕ್ಯಾಬೇಜ್ ಥರ ಕಾಣ್ತಾರೆ lah’ ಎಂದು ಇಲ್ಲಿನವರ ರಾಗದಲ್ಲಿ ಫೋನಿನಲ್ಲಿ ಸ್ನೇಹಿತೆಯರಿಗೆಲ್ಲ ಸಾರಿದಳು. ಅಗಿದರೆ ನೋಯುತ್ತಿತ್ತು. ಗೀತಾ ಅನ್ನವನ್ನು ಮೆತ್ತಗೆ ಬೇಯಿಸಿ, ತಿಳಿಸಾರಿನಲ್ಲಿ ಕಲಸಿ, ಎರಡೂ ಹೊತ್ತು ಕೈಗೆ ತಂದುಕೊಟ್ಟಳು. ರಾತ್ರಿ ಅಂಗಾತ ಮಲಗಿದ ನಾನು ಮಗ್ಗುಲಾಗದಂತೆ ಎರಡು ಕಡೆ ದಿಂಬಿಟ್ಟು ಕಾದಳು. ಅವಳ ಋಣ ದೊಡ್ಡದು. ಬ್ಯಾಂಡೇಜು ಬಿಚ್ಚಿದ ಮೇಲೂ ಡಾಕ್ಟರ್ ಎರಡು ಕಟ್ಟುಪಾಡು ಹಾಕಿದರು: ಆರು ವಾರ ಮಲಗುವಾಗ ಕಿವಿಯ ಮೇಲೆ ಅಗಲವಾದ ಬಟ್ಟೆಪಟ್ಟಿ ಕಟ್ಟಬೇಕು, ಅಲ್ಲಿಯವರೆಗೆ ಯಾರೂ ಕಿವಿ ಎಳೆಯಬಾರದು.

ಎರಡನೆಯದನ್ನು ಕೇಳಿ ನಕ್ಕಿದ್ದೆ. ಮನೆ ಸಾಲ ತೀರಿಸುತ್ತಿರುವ ನಲವತ್ಮೂರರ ಗಂಡಸಿನ ಕಿವಿಯನ್ನು ಯಾರು ಎಳೆಯುತ್ತಾರೆ? ಮೂರನೆಯ ವಾರ ಅಮ್ಮ ಬಂದಳು. ಗಣೇಶನ ಹಬ್ಬ ನಮ್ಮ ಜೊತೆ ಮಾಡಲಿ ಎಂದು ಅಣ್ಣ ಮೈಸೂರಿನಿಂದ ನನಗೆ ಹೇಳದೆ ಮೊದಲೇ ಟಿಕೆಟ್ ಮಾಡಿಸಿಬಿಟ್ಟಿದ್ದ. ನನ್ನನ್ನು ನೋಡಿದವಳು ತೆಳ್ಳಗಾಗಿದ್ದೀಯ ಅಂದಳು, ಕಿವಿಯ ಸುದ್ದಿ ಎತ್ತಲಿಲ್ಲ. ಪಟ್ಟಿ ಯಾಕೆ ಅಂದದ್ದಕ್ಕೆ ಏಸಿ ಗಾಳಿ ಕಿವಿಗೆ ನುಗ್ಗುತ್ತೆ ಅಂದೆ. ಅವಳಿಗಾದ ಸಂತೋಷ ಹೇಳತೀರದು. ಕಿವಿ ಮುಚ್ಚಿಕೋ ಎಂದು ಹುಟ್ಟಿದಾಗಿನಿಂದ ಹೇಳಿದ್ದನ್ನು ಮಗ ಕೊನೆಗೂ ಕೇಳಿದನಲ್ಲ. ಕಟ್ಟಡದ ಕೆಳಗಿನ ತೆರೆದ ಜಾಗವಾದ void deck‌ನಲ್ಲಿ ಕೂರುವ ತಮಿಳು ಆಂಟಿಯರಿಗೆಲ್ಲ ಹೇಳಿಕೊಂಡು ಬಂದಳು. ಸುಳ್ಳು ಇಷ್ಟು ಚೆನ್ನಾಗಿ ನಡೆದದ್ದೇ ನನಗೆ ಹಿಂಸೆಯಾಯಿತು.

ಹಬ್ಬದ ಬೆಳಿಗ್ಗೆ ಅಮ್ಮ ಕಡುಬಿಗೆ ಕೂತು, ಗೀತಾಗೆ ಆ ಕರಿಯೋ ಪಾತ್ರೆ ಕೊಡಮ್ಮ ಅಂದಳು. ಅಮ್ಮ ಮೊದಲಿನಿಂದಲೂ ಹಾಗೇ ಅನ್ನುವುದು. ಗೀತಾ ಹೊಸದಾಗಿ ಬಂದಾಗ, ಇದೇನು ನಿಮ್ಮ ಮನೇಲಿ ಪಾತ್ರೆಗೊಂದು ಹೆಸರೂ ಇಲ್ವಾ ಎಂದು ನನ್ನನ್ನು ಕೇಳಿ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಪೂಜೆ, ಮಂಗಳಾರತಿ ಆಯಿತು. ಆಮೇಲೆ ಬಸ್ಕಿ. ಕೈಗಳನ್ನು ಅಡ್ಡ ಮಾಡಿ, ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ ಹಿಡಿದು ಗಣೇಶನ ಮುಂದೆ ಇಪ್ಪತ್ತೊಂದು ಸಲ ಕೂತೇಳಬೇಕು. ಪ್ರತಿ ವರ್ಷ ಮಾಡುವ ಈ ಸೇವೆಯನ್ನು ಆಪರೇಷನ್ನಿನ ದಿನ ಗೊತ್ತು ಮಾಡುವಾಗ ನಾನು ಪೂರ್ತಿ ಮರೆತಿದ್ದೆ. ಮೊರದಗಲದ ಕಿವಿ ಹೊತ್ತು ನಿಶ್ಚಿಂತೆಯಾಗಿ ಕೂತಿದ್ದ ಸ್ವಾಮಿ ನನ್ನನ್ನೇ ನೋಡುತ್ತಿದ್ದ. ಬೆರಳುಗಳನ್ನು ಕಿವಿಯ ಹತ್ತಿರ ಗಾಳಿಯಲ್ಲಿ ಹಿಡಿದು ಎರಡು ಬಸ್ಕಿ ಹೊಡೆದೆ. ದೇವರು ಸುಮ್ಮನಿದ್ದ, ಅಮ್ಮ ಸುಮ್ಮನಿರಲಿಲ್ಲ. ‘ಇದ್ಯಾವ ಶಾಸ್ತ್ರವೋ, ಸರಿಯಾಗಿ ಹಿಡ್ಕೋ’ ಅನ್ನುತ್ತ ಬಂದು ನನ್ನ ಬಲಗಿವಿಯನ್ನು ಹಿಡಿದು ಎಳೆದೇಬಿಟ್ಟಳು. ನಾನು ಕಿರುಚಿದೆ. ಅಮ್ಮ ಗಾಬರಿಯಾಗಿ ಕೈ ಬಿಟ್ಟಳು. ಆಮೇಲೆ ಮೆಲ್ಲಗೆ ಕಿವಿಯ ಹಿಂದೆ ಬಗ್ಗಿ ನೋಡಿದಳು. ಹೊಲಿದ ಗಾಯ ಇನ್ನೂ ಕೆಂಪಗಿತ್ತು.

ಒಂದೂ ಬಿಡದೆ ಹೇಳಿದೆ. ಅಪ್ಪನ ಫೋಟೋ ಕಡೆ ನೋಡಲಾರದೆ, ಅವರ ಗುರುತು ತೆಗೆಸಿಬಿಟ್ಟೆ, ತಪ್ಪಾಯ್ತು ಅಂದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ನಿಮ್ಮಪ್ಪನ ಕಿವಿ ನಿಮ್ಮಪ್ಪನಿಗೆ ಚೆನ್ನಾಗಿತ್ತು’ ಅಂದಳು. ‘ನೀನು ಹುಟ್ಟಿದಾಗ ದಿನಾ ಎಣ್ಣೆ ಹಚ್ಚಿ, ಕಿವೀನ ಹಿಂದಕ್ಕೆ ಒತ್ತಿ, ಮೇಲೆ ಬಿಗಿಯಾಗಿ ಕುಲಾವಿ ಕಟ್ತಿದ್ದೆ. ನಿಮ್ಮಜ್ಜಿ ನೋಡಿಬಿಟ್ರು. ನಮ್ಮ ಮನೆತನದ ಕಿವಿ ನಿನಗೆ ಅಷ್ಟು ಅಸಹ್ಯವಾ ಅಂದ್ರು. ಬಿಚ್ಚಿಟ್ಟೆ. ಇನ್ನು ನಾಕು ತಿಂಗಳು ಕಟ್ಟಿದ್ದಿದ್ರೆ ಕೂತ್ಕೊಳ್ತಿತ್ತು ಕಣೋ. ನನಗೆ ಎದುರು ಮಾತಾಡೋ ಧೈರ್ಯ ಇರ್ಲಿಲ್ಲ. ಸ್ಕೂಲಲ್ಲಿ ನಿನ್ನ ಏನಂತ ಕರೀತಿದ್ರು ಅಂತ ನನಗೆ ಗೊತ್ತಿತ್ತು.’

ನಾನು ಗೀತಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಮೂವತ್ತೈದು ವರ್ಷ ನನ್ನೆದುರಿಗೆ ಆ ಪಾತ್ರೆಯ ಹೆಸರು ಹೇಳದೆ ಆ ತಾಯಿ ಹಪ್ಪಳ ಸಂಡಿಗೆಗಳನ್ನು ಕರಿದಿದ್ದಳು, ಮತ್ತು ನಾನು ನನ್ನ ಗುಟ್ಟು ಭದ್ರವಾಗಿದೆ ಎಂದುಕೊಂಡಿದ್ದೆ. ಅಮ್ಮ ಎದ್ದಳು. ಎಲೆ ಹಾಕುವ ಹೊತ್ತಾಯಿತು ಅನ್ನುತ್ತ ಅಡುಗೆಮನೆಗೆ ಹೋಗಿ, ‘ಗೀತಾ, ಬಾಂಡ್ಲೆ ಒಲೆ ಮೇಲಿಡಮ್ಮ, ಹಪ್ಪಳ ಕರೀಬೇಕು’ ಅಂದಳು.

ಮರುದಿನ ಡಾಕ್ಟರ್ ನೋಡಿ, ಹೊಲಿಗೆಗೆ ಏನೂ ಆಗಿಲ್ಲ ಅಂದರು. ಯಾರು ಎಳೆದದ್ದು ಎಂದು ಕೇಳಿದರು. ತಾಯಿ ಅಂದೆ. ಅವರೂ ಒಬ್ಬ ತಾಯಿಯ ಮಗನೇ ಇರಬೇಕು, ಮುಂದೆ ಏನೂ ಕೇಳಲಿಲ್ಲ. ಅಂದಿನಿಂದ ಪಟ್ಟಿ ಕಟ್ಟುವ ಕೆಲಸವನ್ನು ಅಮ್ಮ ವಹಿಸಿಕೊಂಡಳು. ಊಟವಾದ ಮೇಲೆ ಅವಳು ಸೋಫಾದಲ್ಲಿ, ನಾನು ಅವಳ ಕಾಲ ಬಳಿ ನೆಲದ ಮೇಲೆ. ಕಿವಿಗಳನ್ನು ಅಂಗೈಯಿಂದ ಹಿಂದಕ್ಕೆ ಒತ್ತಿ, ಪಟ್ಟಿ ಎಳೆದು, ಬಿಗಿಯಾಯ್ತಾ ಎಂದು ಕೇಳುತ್ತಿದ್ದಳು. ಅರ್ಧಕ್ಕೆ ನಿಂತ ಕೆಲಸ ಮುಗಿಸುವವಳ ಶ್ರದ್ಧೆ ಅವಳ ಕೈಯಲ್ಲಿತ್ತು.

ಕಿವಿ ಈಗ ತಲೆಗೆ ಅಂಟಿಕೊಂಡು ಸಭ್ಯವಾಗಿ ಕೂತಿದೆ. ಆಫೀಸಿನಲ್ಲಿ ಇದನ್ನು ಗುರುತಿಸಿದವರು ಒಬ್ಬರೂ ಇಲ್ಲ. ಕನ್ನಡಕ ಬದಲಾಯಿಸಿದ್ರಾ ಎಂದು ಇಬ್ಬರು ಕೇಳಿದರು. ಆರನೆಯ ವಾರ ಡಾಕ್ಟರ್ ಪಟ್ಟಿ ಇನ್ನು ಸಾಕು ಅಂದಿದ್ದರು. ಜೊತೆಗೆ ಬಂದಿದ್ದ ಗೀತಾಳೂ ಕೇಳಿಸಿಕೊಂಡಿದ್ದಳು. ಆದರೆ ಅಮ್ಮ ಮೈಸೂರಿಗೆ ಹೊರಟದ್ದು ಒಂಬತ್ತನೆಯ ವಾರ. ಅಲ್ಲಿಯವರೆಗೆ ದಿನವೂ ಊಟವಾದ ಮೇಲೆ ನಾನು ಪಟ್ಟಿ ಹಿಡಿದು ಹೋಗಿ ಅಮ್ಮನ ಕಾಲ ಬಳಿ ಕೂರುತ್ತಿದ್ದೆ. ಗೀತಾ ಒಂದು ದಿನವೂ ಬಾಯಿ ಬಿಡಲಿಲ್ಲ.